ಬ್ಯಾಸಗಿ ಸೂಟಿ, ಶ್ಯಾವಿಗಿ ಮಣಿ ಮತ್ತ ನಮ್ಮ ವೈನಿ

ಏಪ್ರಿಲ್ 10 ಅಂದ್ರ ನಮ್ಮ ಕಾಲದಾಗ ಎದಿ ಢವಢವ ಅನ್ನೂ ತಾರೀಖು. ಸಾಲ್ಯಾಗ ರಿಸಲ್ಟ್ ಹೇಳೂ ದಿವಸ. ಪಾಸ್ ಆದೀವಿ ಅಂತ ಗೊತ್ತಾದ ಮರುದಿನಽ ಅವ್ವ ನಮ್ಮನ್ನ ಕಟ್ಕೊಂಡು ಕೆಂಪು ಬಸ್ ಹತ್ತಿ ತನ್ನ ತವರಿಗೆ ಹೊಂಡ್ತಿದ್ಲು. ಈಗ ನಾವು ನಮ್ಮ ಮಕ್ಕಳನ್ನ ಕಟ್ಕೊಂಡು ಅವ್ವನ ಕಡೆ ಹೊಂಡ್ತೀವಿ. ನಾ ಹುಬ್ಬಳ್ಳಿಯಿಂದ, ನಮ್ಮಕ್ಕ ಸೊಲ್ಲಾಪುರದಿಂದ. ಆ ಕಡೆ ಸಾಲ್ಯಾಗ ಮೇ 1ಕ್ಕ ರಿಸಲ್ಟ್ ಕೊಡ್ತಾರ, ಅದಕ್ಕ ಅಕ್ಕ ತಡಾ ಮಾಡಿ ಬಂದು ಜೂನ್ ತನಕಾ ಇರ್ತಾಳ. ನಾ ಲಗೂ ಬಂದು ಲಗೂ ಹೋಗಾಕಿ. ಅಕಿ ಮಕ್ಕಳದು ಅರ್ಧಾ ಮರಾಠಿ ಅರ್ಧಾ ಕನ್ನಡ, ನನ್ನ ಮಕ್ಕಳದು ಅರ್ಧಾ ಇಂಗ್ಲಿಷ್ ಅರ್ಧಾ ಕನ್ನಡ. ಹೊಟ್ಟಿ ಹಸದಾಗ ಮಾತ್ರ ನಾಲ್ಕೂ ಪೂರಾ ಕನ್ನಡ.

ನಮ್ಮೂರು ಹುನಗುಂದ ತಾಲೂಕಿನ್ಯಾಗ. ಎರಿ ಭೂಮಿ. ನಾವು ಹೋಗೂ ಹೊತ್ತಿಗೆ ಬಿಳಿಜ್ವಾಳ, ಕಡ್ಲಿ ಎಲ್ಲಾ ರಾಶಿ ಆಗಿ ಮನಿ ಸೇರಿರ್ತಾವ. ಹೊಲದಾಗ ಏನಂದ್ರ ಏನೂ ಇರೂದಿಲ್ಲ, ಕರಿ ನೆಲ ಬಿರಕ ಬಿಟ್ಟು ಬಾಯಿ ತಕ್ಕೊಂಡು ಬಿದ್ದಿರ್ತೈತಿ. ಮುಂಜಾನಿ ಹತ್ತಾತಂದ್ರ ಓಣ್ಯಾಗ ನಾಯಿ ಸೈತ ಅಡ್ಡಾಡೂದಿಲ್ಲ. ನಲವತ್ತು, ನಲವತ್ತೊಂದು ಡಿಗ್ರಿ ಅಂತ ಟಿವ್ಯಾಗ ಹೇಳ್ತಾರ, ಅದು ನೆಳ್ಳಾಗಿನ ಲೆಕ್ಕ. ಅಂಗಳದಾಗ ಬರಿಗಾಲಲೆ ನಿಂತು ಅರಬಿ ಒಣಾಕ್ರಿ, ಆವಾಗ ಖರೇ ಲೆಕ್ಕ ಗೊತ್ತಾಗ್ತೈತಿ.

ಮನಿ ಅರ್ಧಾ ಹಳೇದು, ಅರ್ಧಾ ಹೊಸಾದು. ಹಳೇ ಭಾಗ ಮಣ್ಣಿನ ಮಾಳಗಿ, ಎರಡು ಮೊಳ ದಪ್ಪಾನ ಗ್ವಾಡಿ, ನಡುಮನ್ಯಾಗ ಒಂದು ಬೆಳಕಿಂಡಿ. ಹೊಸಾದು ಹತ್ತು ವರ್ಷದ ಹಿಂದ ಅಣ್ಣ ಕಟ್ಟಿಸಿದ ಸ್ಲ್ಯಾಬಿನ ಮನಿ. ಟೈಲ್ಸ್ ಐತಿ, ಕಪಾಟ ಐತಿ, ಶೋಕೇಸಿನ್ಯಾಗ ಗ್ವಂಬಿ ಅದಾವ. ಆದ್ರ ಬ್ಯಾಸಗ್ಯಾಗ ಅಲ್ಲಿ ಯಾರೂ ಕೂಡೂದಿಲ್ಲ. ಹಗಲೆಲ್ಲಾ ಕುಡದ ಬಿಸಿಲನ್ನ ಸ್ಲ್ಯಾಬು ರಾತ್ರಿ ಎರಡರ ತನಕಾ ಉಗಳ್ತೈತಿ. ಎಲ್ಲಾರೂ ಹಳೇ ನಡುಮನ್ಯಾಗಽ ಸಾಲಾಗಿ ಅಡ್ಡ ಆಗ್ತೀವಿ. ಲಕ್ಷಗಟ್ಟಲೆ ರೊಕ್ಕ ಸುರಿದ ಅಣ್ಣ ಸೈತ ದಿಂಬು ಹಿಡ್ಕೊಂಡು ಅಲ್ಲಿಗೇ ಬರ್ತಾನ.

ನಮ್ಮ ಬಾಗಲಕೋಟಿ, ವಿಜಯಪುರ, ಮತ್ತ ಆ ಕಲಬುರಗಿ ಕಡೆ ಜಿಲ್ಲಾದಾಗ ಬ್ಯಾಸಗಿ ಬಂದ್ರ ಸರಕಾರಿ ಆಫೀಸಿನ ಟೈಮ್ ಬದಲಿ ಮಾಡ್ತಾರಲ್ಲ, ಮುಂಜಾನಿ ಎಂಟಕ್ಕ ತಗದು ಮಧ್ಯಾಹ್ನ ಒಂದೂವರಿಗೆ ಮುಚ್ಚೂದು? ಛಲೋ ಪದ್ಧತಿ. ಅಡಗಿ ಮನಿಗೆ ಮಾತ್ರ ಅಂಥಾ ಆರ್ಡರ್ ಇನ್ನೂ ಯಾರೂ ತಗದಿಲ್ಲ. ತಗಿಯೂದು ಹೋಗ್ಲಿ, ವರ್ಷದ ಕೆಲಸೆಲ್ಲಾ ಇದಽ ಎರಡು ತಿಂಗಳಾಗ ಕೂಡಿ ಬರ್ತೈತಿ. ಯಾಕಂದ್ರ ಬಿಸಿಲು ಬೇಕು. ಮೆಣಸಿನಕಾಯಿ ಒಣಗಬೇಕು, ತುಂಬು ತಗೀಬೇಕು, ಮಸಾಲಿ ಖಾರ ಕುಟ್ಟಿಸಬೇಕು. ಬ್ಯಾಳಿ ಬಿಸಲಿಗೆ ಹಾಕಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಕುರಡಗಿ, ಶ್ಯಾವಿಗಿ. ರೋಹಿಣಿ ಮಳಿ ಹೂಡೂದ್ರಾಗ ಎಲ್ಲಾ ಡಬ್ಬಿ ಸೇರಿರಬೇಕು, ಯಾಕಂದ್ರ ಮಳಿ ಬಿತ್ತಂದ್ರ ಎಲ್ಲಾರೂ ಬಿತ್ತಾಕ ಹೋಗವ್ರು.

ಶ್ಯಾವಿಗಿ ವಿಚಾರ ಬಂದ್ರ ನನಗ ಮಾತು ನಿಲ್ಲೂದಿಲ್ಲ, ಸ್ವಲ್ಪ ತಾಳ್ರಿ. ಈಗ ಎಲ್ಲಾ ಕಡೆ ಮಶಿನ್ ಬಂದಾವ. ಹತ್ತು ಕಿಲೋ ರವಾ ತಗೊಂಡು ಹೋದ್ರ ಎರಡು ತಾಸಿನ್ಯಾಗ ಶ್ಯಾವಿಗಿ ಆಗಿ ಬರ್ತೈತಿ. ನಾವೂ ಹಂಗಽ ಮಾಡಿಸ್ತೀವಿ. ಆದ್ರ ಅವ್ವ ಎರಡು ಮೂರು ಕಿಲೋ ಮಾತ್ರ ಕೈಲೆ ಹೊಸಿಯಾಕಽ ಬೇಕು ಅಂತಾಳ. ಹಬ್ಬಕ್ಕ, ಬೀಗ್ರು ಬಂದಾಗ, ಬಾಣಂತಿಗೆ. ಮಶಿನ್ ಶ್ಯಾವಿಗಿ ಬಾಯಾಗ ಬ್ಯಾರೇನಽ ಇರ್ತೈತಿ, ಅದು ಖರೇ.

ಗೋದಿ ತೊಳದು, ಒದ್ದಿ ಅರಬ್ಯಾಗ ಕಟ್ಟಿಟ್ಟು, ಬೀಸಿ, ಸೋಸಿ, ಸಣ್ಣ ರವಾ ತಗೀಬೇಕು. ಉಪ್ಪಿನ ನೀರು ಹಾಕಿ ಗಟ್ಟಿ ನಾದಿ, ಮತ್ತ ಒದ್ದಿ ಅರಬಿ ಮುಚ್ಚಿಡಬೇಕು. ಆಮ್ಯಾಲೆ ಒಳ್ಳಾಗ ಹಾಕಿ ಎಣ್ಣಿ ಹಚ್ಚಿ ಕುಟ್ಟಬೇಕು. ಎಳದ್ರ ಹರೀಬಾರದು, ಎಳಿ ಎಳಿ ಬರಬೇಕು, ಅಲ್ಲೀ ತನಕಾ ಕುಟ್ಟೂದು. ಶ್ಯಾವಿಗಿ ಮಣಿ ಒಂದು ತುದಿ ಕಟ್ಟಿ ಮ್ಯಾಲೆ, ಇನ್ನೊಂದು ತುದಿ ಕೆಳಗ. ಮ್ಯಾಲೆ ಕುಂತಾಕಿ ಅಂಗೈಲೆ ಹಿಟ್ಟನ್ನ ಗೀರಿನ ಮ್ಯಾಲೆ ಹೊಸೀತಾಳ, ಕೆಳಗ ಕುಂತಾಕಿ ಇಳದು ಬರೂ ಎಳಿ ಹಿಡದು ಕೋಲಿಗೆ ಹಾಕ್ತಾಳ. ಕೋಲು ತುಂಬಿತಂದ್ರ ಹುಡುಗ್ರು ಒಯ್ದು ನೆಳ್ಳಾಗ ಕಟ್ಟಿದ ಹಗ್ಗದ ಮ್ಯಾಲೆ ಇಟ್ಟು ಬರಬೇಕು. ಹಿಂಗ ನಾಕೈದು ಮಂದಿ ಕೂಡಿದ್ರ ಆಗೂ ಕೆಲಸ. ಅದಕ್ಕಽ ಓಣಿ ಹೆಣ್ಮಕ್ಕಳು ಇವತ್ತು ನಮ್ಮ ಮನಿ, ನಾಳೆ ನಿಮ್ಮ ಮನಿ ಅಂತ ಮುಯ್ಯಿ ಮಾಡ್ಕೋತಾರ.

ನಮ್ಮ ಮನ್ಯಾಗ ಮಣಿ ಮ್ಯಾಲೆ ಕೂಡಾಕಿ ವೈನಿ. ಹತ್ತೊಂಬತ್ತು ವರ್ಷಾತು, ಅಕಿ ಲಗ್ನ ಆಗಿ ಬಂದ ವರ್ಷದಿಂದ ಅದು ಅಕಿ ಜಾಗಾ. ಅಕಿ ಅಂಗೈ ಕೆಳಗಿಂದ ಶ್ಯಾವಿಗಿ ಬರೂದು ನೋಡಬೇಕು, ಕೂಸಿನ ಕೂದಲ ಹಂಗ. ಒಂದು ಎಳಿ ದಪ್ಪಿಲ್ಲ, ಒಂದು ಎಳಿ ಹರಿಯೂದಿಲ್ಲ. ಅವ್ವ ಎಲ್ಲಾರ ಮುಂದ ಹೊಗಳ್ತಾಳ, ವೈನಿ ಮುಂದ ಮಾತ್ರ ಹೊಗಳೂದಿಲ್ಲ.

ಈ ವರ್ಷ ಮಾರ್ಚ್ ಕಡೀಕ ವೈನಿ ಫೋನ್ ಮಾಡಿದ್ಲು. ಯಾವಾಗ ಬರ್ತಿ, ಹುಡುಗ್ರ ಪರೀಕ್ಷಾ ಎಂದು ಮುಗೀತೈತಿ ಅಂತ ಕೇಳಿ, ಆಮ್ಯಾಲೆ ಒಂಚೂರು ತಡದು, "ನೋಡವಾ, ಈ ಸರ್ತಿ ಸೂಟ್ಯಾಗ ನಾನೂ ನಮ್ಮವ್ವನ ಮನಿಗೆ ಹೋಗೂದೈತಿ. ಅವ್ವನ ಕಣ್ಣಿಗೆ ಪೊರಿ ಬಂದೈತಿ, ಆಪರೇಶನ್ ಮಾಡಸ್ತಾರ. ಹದಿನೈದು ದಿನಾ ಇದ್ದು ಬರ್ತೀನಿ. ನಿಮ್ಮಣ್ಣಗ ಹೇಳೀನಿ, ಅತ್ತಿಗೆ ಇನ್ನೂ ಹೇಳಿಲ್ಲ" ಅಂದ್ಲು.

ವೈನಿ ತವರು ಮುದ್ದೇಬಿಹಾಳ ಕಡೆ ಒಂದು ಹಳ್ಳಿ. ನಮ್ಮೂರಿಂದ ಬಸ್ಸಿಗೆ ಹೋದ್ರ ಅರ್ಧಾ ದಿನದ ದಾರಿ ಸೈತ ಅಲ್ಲ. ಪಂಚಮಿಗೆ ಹೋಗ್ತಾಳ, ಎರಡು ದಿನಾ ಇರ್ತಾಳ, ಜೋಕಾಲಿ ಜೀಕೂದ್ರಾಗ ತಿರುಗಿ ಬರ್ತಾಳ. ಬ್ಯಾಸಗ್ಯಾಗ ಒಂದು ವರ್ಷಾನೂ ಹೋಗಿಲ್ಲ. ಯಾಕಂದ್ರ ಬ್ಯಾಸಗ್ಯಾಗ ನಾವು ಬರ್ತೀವಲ್ಲ! ನಾದಿನ್ಯಾರು ಬರೂ ಹೊತ್ತಿನ್ಯಾಗ ಸೊಸಿ ಮನಿ ಬಿಟ್ಟು ಹೋಗೂದು ಎಲ್ಲೈತಿ? ಎಲ್ಲಾ ಮನ್ಯಾಗೂ ಇದಽ ಲೆಕ್ಕ. ನನ್ನ ಅತ್ತಿ ಮನ್ಯಾಗ ನಾ ವೈನಿ. ನಮ್ಮ ಯಜಮಾನ್ರ ತಂಗಿಯಾರು ದೀಪಾವಳಿಗೆ ಬರ್ತಾರ, ಆವಾಗ ನಾ ಎಲ್ಲಿಗೂ ಹೋಗಂಗಿಲ್ಲ. ಒಬ್ಬಾಕಿ ಹಾಯಾಗಿ ತವರಿನ ಕಟ್ಟಿ ಮ್ಯಾಲೆ ಕೂಡಬೇಕಂದ್ರ ಇನ್ನೊಬ್ಬಾಕಿ ತನ್ನ ತವರು ಬಿಟ್ಟು ಒಲಿ ಮುಂದ ಕೂಡಬೇಕು. ನಾ "ಹೋಗ್ರಿ ವೈನಿ, ಖಂಡಿತ ಹೋಗ್ರಿ" ಅಂದೆ. ಅನ್ನೂದು ಸರಳ, ಮುಂದ ಅವ್ವ ಇದ್ಲಲ್ಲ.

ಅವ್ವಗ ಸುದ್ದಿ ಹೋತು. "ಹೆಣ್ಮಕ್ಕಳು ಬರೂ ಟೈಮಿನ್ಯಾಗ ಸೊಸಿ ಗಂಟು ಕಟ್ಟಿದ್ಲು ಅಂದ್ರ ಓಣ್ಯಾಗ ಏನಂತಾರ? ಜಗಳಾಡಿ ಹೋದ್ಲು ಅಂತಾರ." ಇದು ಒಂದನೇ ಮಾತು. ಎರಡನೇ ಮಾತು, "ಅಕಿ ಅಣ್ಣನ ಹೆಂಡತಿ ಇಲ್ಲೇನು, ಅಕಿ ನೋಡ್ಲಿ." ಅಣ್ಣ ಪೇಪರ್ ಮುಖದ ಮುಂದ ಹಿಡ್ಕೊಂಡು ಕುಂತುಬಿಟ್ಟ, ಅಂವಗ ಹೆಂಡತಿ ಹೇಳಿದ್ದೂ ಖರೇ, ಅವ್ವ ಹೇಳಿದ್ದೂ ಖರೇ. ನಮ್ಮಕ್ಕ ಸೊಲ್ಲಾಪುರದಿಂದ ಫೋನಿನ್ಯಾಗ, "ಹಂಗಾದ್ರ ನಾವು ಬರೂದಽ ಬ್ಯಾಡೇನು?" ಅಂತ ಒಂದು ಸಲ ಮೂಗು ಏರಿಸಿದ್ಲು. ಎರಡು ದಿನಾ ಬಿಟ್ಟು ಅಕಿನಽ ಫೋನ್ ಮಾಡಿ ಅವ್ವಗ ಕೇಳಿದ್ಲು, "ಯವ್ವಾ, ನೀ ಪ್ರತಿ ವರ್ಷ ನಮ್ಮನ್ನ ಕಟ್ಕೊಂಡು ತಿಂಗಳುಗಟ್ಟಲೆ ನಿಮ್ಮವ್ವನ ಮನ್ಯಾಗ ಇರ್ತಿದ್ದಿ, ಆವಾಗ ಇಲ್ಲಿ ಯಾರ ಒಲಿ ಹಚ್ಚತಿದ್ರು?" ಅವ್ವ ಅಂದ್ಲು, "ನನಗ ನಾದಿನ್ಯಾರು ಇರಲಿಲ್ಲಲ್ಲ. ನಿಮ್ಮಪ್ಪಗ ನಿಮ್ಮ ದೊಡ್ಡಪ್ಪನ ಮನ್ಯಾಗ ಊಟಾ." ಅಷ್ಟು ಹೇಳಿ ತಾನಽ ಸುಮ್ಮನಾದ್ಲು. ಆ ಸುಮ್ಮನಿರೂದನ್ನಽ ನಾವು ಹೂಂ ಅಂತ ತಿಳಕೊಂಡಿವಿ.

ಏಪ್ರಿಲ್ ತಿಂಗಳಾಗ ವೈನಿ ಇದ್ದಾಗಽ ಖಾರ, ಉಪ್ಪಿನಕಾಯಿ, ಅರ್ಧಾ ಶ್ಯಾವಿಗಿ ಮುಗಿಸಿದಿವಿ. ಮೇ ಮೊದಲನೇ ವಾರ ಅಕ್ಕ ಬಂದ್ಲು. ಮೂರನೇ ದಿನಾ ಮುಂಜಾನಿ ಏಳರ ಬಸ್ಸಿಗೆ ವೈನಿ ಹೊಂಟ್ಲು. ಹೋಗೂ ಹಿಂದಿನ ರಾತ್ರಿ ಹನ್ನೊಂದರ ತನಕಾ ರೊಟ್ಟಿ ಬಡದು ಕಡಕ್ ಮಾಡಿಟ್ಟಿದ್ಲು, ಬುಟ್ಟಿ ತುಂಬ. ನಾಲ್ಕು ದಿನದಾಗ ಆ ಬುಟ್ಟಿ ಖಾಲಿ ಆತು, ಆವಾಗ ನಮ್ಮ ಆಟ ಸುರು ಆತು.

ಎಲ್ಲಾಕಿಂತ ಮೊದ್ಲ ಎಮ್ಮಿ. ವೈನಿ ಬಿಟ್ರ ಅದು ಯಾರಿಗೂ ಹಾಲು ಕೊಟ್ಟಿದ್ದಿಲ್ಲ. ನಾ ಕುಂತೆ, ತಿರುಗಿ ನೋಡಿ ಬಕೀಟು ಒದೀತು. ಅವ್ವ ಕುಂತ್ಲು, ಒದಿಲಿಲ್ಲ ಖರೆ, ಹಾಲು ಇಳಸಲಿಲ್ಲ. ಕರಾ ಬಿಟ್ಟು ನೋಡಿದಿವಿ, ಹಿಂಡಿ ಇಟ್ಟು ನೋಡಿದಿವಿ. ಸಂಜಿಗೆ ಕೆಚ್ಚಲಾ ಬಿಗದು ಎಮ್ಮಿ ಒದರಾಕ ಹತ್ತಿತು. ಆವಾಗ ಬಾಜು ಮನಿ ದೊಡ್ಡವ್ವ ಬಂದು, "ಅಕಿ ಹಳೇ ಸೀರಿ ಒಂದು ತಗೊಂಡು ಬರ್ರಿ, ಒಗದದ್ದು ಅಲ್ಲ, ಅಕಿ ವಾಸನಿ ಇದ್ದದ್ದು" ಅಂದ್ರು. ಗೂಟಕ್ಕ ವೈನಿದು ಒಂದು ಹಳೇ ಇಳಕಲ್ ಸೀರಿ ಇತ್ತು, ಕೊಟ್ಟಗಿ ಕೆಲಸಕ್ಕ ಉಡೂದು. ಯಾರು ಉಡೂದು? ನಮ್ಮಿಬ್ಬರಿಗೂ ಎಮ್ಮಿ ಅಂದ್ರ ಅಂಜಿಕಿ, ಅವ್ವನ ಮಣಕಾಲು ಕೂಡಾಕ ಆಗೂದಿಲ್ಲ. ಕಡೀಕ ಅಣ್ಣಗಽ ಹೊದಿಸಿದಿವಿ. ಆರಡಿ ಗಂಡಸು, ಮೀಸಿ ಬ್ಯಾರೆ, ತಲಿ ಮ್ಯಾಲೆ ಸೆರಗು ಹೊತ್ಕೊಂಡು ಕುಂತ. ಎಮ್ಮಿ ಮೂಸಿ ನೋಡಿತು, ಅನುಮಾನ ಪಟ್ಟಿತು, ಆಮ್ಯಾಲೆ ಇಳಸಿತು ನೋಡ್ರಿ! ಎರಡು ಲೀಟರ್. ನನ್ನ ಮಗಳು ಅದನ್ನ ವಿಡಿಯೋ ಮಾಡಿ ವೈನಿಗೆ ಕಳಿಸಿದ್ಲು. ಆ ಕಡೆ ಅವರ ಮನಿಮಂದಿ ಎಲ್ಲಾ ಕೂಡಿ ನೋಡಿ ನಕ್ಕರಂತ. ಅಣ್ಣ ಎರಡು ದಿನಾ ನಮ್ಮ ಕೂಡ ಮಾತಾಡಲಿಲ್ಲ, ಆದ್ರ ಹಿಂಡೂದು ಮಾತ್ರ ಬಿಡಲಿಲ್ಲ.

ರೊಟ್ಟಿ ಇನ್ನೊಂದು ಕಥಿ. ಎಂಟು ಮಂದಿ, ಒಂದು ಹೊತ್ತಿಗೆ ಇಪ್ಪತ್ತು ರೊಟ್ಟಿ ಅಂದ್ರೂ ದಿನಕ್ಕ ನಲವತ್ತು. ಅಕ್ಕಗ ಸೊಲ್ಲಾಪುರದಾಗ ಚಪಾತಿ ರೂಢಿ ಆಗೈತಿ, ಅಕಿ ಬಡದ ರೊಟ್ಟಿ ನಡುವ ದಪ್ಪ, ಅಂಚಿಗೆ ಬಿರಕ. ನಾ ಹುಬ್ಬಳ್ಳ್ಯಾಗ ಅರ್ಧಾ ದಿನಾ ಕೊಂಡು ತಿನ್ನಾಕಿ. ಒಲಿ ಮುಂದ ಮುಂಜಾನಿ ಆರಕ್ಕ ಕುಂತ್ರ ಎಂಟಕ್ಕ ಏಳೂದು, ಜಂಪರ್ ಹಿಂಡಿದ್ರ ನೀರು ಬರ್ತಿತ್ತು. ಎರಡು ದಿನಾ ನೋಡಿ ಅವ್ವ ಹೊಸಾ ಕಾನೂನು ಮಾಡಿದ್ಲು. ಬೆಳಕು ಹರಿಯೂದಕ್ಕಿಂತ ಮೊದ್ಲ ಒಂದಽ ಹೊತ್ತು ಒಲಿ ಹಚ್ಚೂದು. ಮಧ್ಯಾಹ್ನ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮ್ಯಾಲೆ ಮಜ್ಜಿಗಿ. ಸಂಜಿಗೆ ನುಚ್ಚು, ಇಲ್ಲಾ ಅಂಬಲಿ. ರವಿವಾರಕ್ಕೊಮ್ಮೆ ಮಾವಿನಹಣ್ಣಿನ ಶೀಕರಣಿ. "ಯವ್ವಾ, ಈ ಕಾನೂನು ವೈನಿ ಇದ್ದಾಗ ಯಾಕ ಇರಲಿಲ್ಲ?" ಅಂತ ಅಕ್ಕ ಕೇಳಿದ್ಲು. "ಅಕಿ ಒಮ್ಮಿನೂ ಸೆಕಿ ಆಗ್ತೈತಿ ಅಂದಿಲ್ಲ" ಅಂದ್ಲು ಅವ್ವ. ಅಲ್ರಿ, ಅನ್ನಬೇಕಂದ್ರ ಯಾರ ಮುಂದ ಅಂತಾಳ ಹೇಳ್ರಿ?

ನೀರಿಂದು ಕೇಳಬ್ಯಾಡ್ರಿ. ನಳಾ ಮೂರು ದಿನಕ್ಕೊಮ್ಮೆ ಬರ್ತಿತ್ತು, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ವೈನಿ ಹೆಂಗ ಏಳ್ತಿದ್ಲೋ ನಮಗ ಗೊತ್ತಿಲ್ಲ, ಮುಂಜಾನಿ ನಾವು ಏಳೂದ್ರಾಗ ಹಂಡೇದಾಗ, ಕೊಡದಾಗ ನೀರು ತುಂಬಿರ್ತಿತ್ತು. ಈಗ ಅಣ್ಣ ಮೊಬೈಲಿನ್ಯಾಗ ಅಲಾರಂ ಇಟ್ಟು ಎದ್ದ. ಒಂದು ರಾತ್ರಿ ತಪ್ಪಿತು, ಮರುದಿನಾ ಬೈಕಿಗೆ ಎರಡು ಕೊಡಾ ಕಟ್ಟಿ ಹೊಲದ ಬೋರಿಗೆ ನಾಲ್ಕು ಸಲ ಹೋಗಿ ಬಂದ. ಮತ್ತ ತಪ್ಪಲಿಲ್ಲ.

ಕುರಡಗಿ ಮಾತ್ರ ಛಲೋ ಆದುವು, ಆದ್ರ ಹೆಂಗ ಉಳಿದುವು ಅನ್ನೂದಽ ಆಶ್ಚರ್ಯ. ಮೂರು ದಿನಾ ಗೋದಿ ನೆನಸಿ, ದಿನಾ ನೀರು ಬದಲಿ ಮಾಡಿ, ರುಬ್ಬಿ, ಹಾಲು ಹಿಂಡಿ, ರಾತ್ರಿ ಇಟ್ಟು ಮ್ಯಾಲಿನ ನೀರು ಚೆಲ್ಲಿ, ಹಿಟ್ಟು ಕುದಿಸಿದಿವಿ. ಕುದಿಸಿದ ಬಿಸಿ ಹಿಟ್ಟಿಗೆ ಒಂದು ಚಮಚ ಎಣ್ಣಿ ಹಾಕ್ಕೊಂಡು ತಿಂದ್ರ, ಅಬ್ಬಬ್ಬ! ಹುಡುಗ್ರು ಅರ್ಧಾ ಅಲ್ಲೇ ಮುಗಿಸಿದುವು. ಉಳದದ್ದನ್ನ ಒರಳಿಗೆ ಹಾಕಿ ಮಾಳಗಿ ಮ್ಯಾಲೆ ಹಳೇ ಧೋತರದ ಮ್ಯಾಲೆ ಒತ್ತಿ, ಕಾಗಿ ಬರಬಾರದಂತ ಕರಿ ಛತ್ರಿ ಬಿಚ್ಚಿ ಇಟ್ಟು, ಹುಡುಗ್ರನ್ನ ಕಾಯಾಕ ಕುಂದ್ರಿಸಿದಿವಿ. ಮೂರುವರಿ ಸುಮಾರು ಪಡುವಣದಾಗ ಕರ್ರಗಾತು. ಗಾಳಿ ಎದ್ದಿತು ನೋಡ್ರಿ, ಮೊದ್ಲ ಛತ್ರಿ ಹಾರಿ ಹೋತು, ಆಮ್ಯಾಲೆ ಕರೆಂಟು. ಅಕ್ಕ, ನಾನು, ನಾಲ್ಕು ಹುಡುಗ್ರು ಧೋತರದ ನಾಲ್ಕು ತುದಿ ಹಿಡ್ಕೊಂಡು ಏಣಿ ಇಳದು ಬರೂದ್ರಾಗ ಟಪಟಪ ದೊಡ್ಡ ಹನಿ. ಆಣಿಕಲ್ಲೂ ಬಿದ್ದುವು, ಹತ್ತು ನಿಮಿಷ. ಸೊಲ್ಲಾಪುರದ ಹುಡುಗ ಒಂದು ಆಣಿಕಲ್ಲು ಬಾಯಾಗ ಹಾಕ್ಕೊಂಡು "ಫ್ರಿಜ್ಜಿಂದಕ್ಕಿಂತ ಛಲೋ ಐತಿ" ಅಂದ. ಆ ರಾತ್ರಿ ಎಲ್ಲಾರೂ ಮಾಳಗಿ ಮ್ಯಾಲೆ ಮಲಗಿದಿವಿ, ಕಂಬಳಿ ಬೇಕಾತು. ಒದ್ದಿ ಮಣ್ಣಿನ ವಾಸನಿಗೆ ನಿದ್ದಿ ಬಂದಿದ್ದಽ ಗೊತ್ತಾಗಲಿಲ್ಲ.

ವೈನಿ ದಿನಾ ರಾತ್ರಿ ಫೋನ್ ಮಾಡ್ತಿದ್ಲು. ಅವರವ್ವನ ಆಪರೇಶನ್ ಸುಸೂತ್ರ ಆತು. ದಿನಕ್ಕ ಇಷ್ಟು ಸರ್ತಿ ಹನಿ ಔಷಧ ಹಾಕಬೇಕು, ಬಗ್ಗಬಾರದು, ತಲಿ ಮ್ಯಾಲೆ ನೀರು ಹಾಕ್ಕೋಬಾರದು, ಒಲಿ ಹೊಗಿ ತಾಕಬಾರದು, ಕರಿ ಕನ್ನಡಕ ಹಾಕ್ಕೊಂಡಽ ಇರಬೇಕು. "ನಮ್ಮವ್ವ ಸಿನಿಮಾದಾಕಿ ಆಗ್ಯಾಳ" ಅಂತ ನಗ್ತಿದ್ಲು. ಇನ್ನೊಂದು ಸುದ್ದಿ ಹೇಳಿದ್ಲು. ಇಕಿ ಬಂದ್ಲು ಅಂತ ಇಕಿ ವೈನಿ ಎಂಟು ವರ್ಷದ ಮ್ಯಾಲೆ ಸೂಟ್ಯಾಗ ತನ್ನ ತವರಿಗೆ ಹೋದ್ಲಂತ, ಬಸವನ ಬಾಗೇವಾಡಿ ಕಡೆ. ಅಕಿ ಹೋದದ್ದಕ್ಕ ಅಲ್ಲಿ ಇನ್ಯಾರು ಎಲ್ಲಿಗೆ ಹೋದ್ರೋ, ಈ ಗಾಳಿ ಎಲ್ಲೀ ತನಕಾ ಬೀಸಿತೋ!

ಹದಿನೈದು ದಿನಾ ಮುಗಿಯಾಕ ಬಂದಾಗ ವೈನಿ ಫೋನಿನ್ಯಾಗ ದನಿ ಸಣ್ಣ ಮಾಡಿ, "ಡಾಕ್ಟರ್ ಇನ್ನೊಂದು ಸಲ ತೋರಸಾಕ ಬಾ ಅಂದಾರ. ಒಂದು ವಾರ... ಅತ್ತಿಗೆ ಕೇಳಿ ನೋಡವಾ" ಅಂದ್ಲು. ಅವ್ವ ಬಾಜುನಽ ಮಾವಿನಕಾಯಿ ಹೆಚ್ಕೋತ ಕುಂತಿದ್ಲು. ತಲಿ ಎತ್ತಲಿಲ್ಲ. "ಎಮ್ಮಿ ಈಗ ಹೊಂದಕೊಂಡೈತಿ ಅಂತ ಹೇಳು" ಅಂದ್ಲು. ನಾ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಽ ಇಲ್ಲ. "ಅತ್ತಿ ಹಂಗಂದ್ರ?" ಅಂತ ಎರಡು ಸಲ ಕೇಳಿದ್ಲು.

ಮರುದಿನಾ ಅವ್ವ ಹಳೇ ಪಂಜೆದಾಗ ಒಂದು ಗಂಟು ಕಟ್ಟಿದ್ಲು. ಕೈಲೆ ಹೊಸದ ಶ್ಯಾವಿಗಿ, ಕುರಡಗಿ, ಒಂದು ಡಬ್ಬಿ ಉಪ್ಪಿನಕಾಯಿ. "ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡು, ಅವರಣ್ಣ ಸ್ಟ್ಯಾಂಡಿಗೆ ಬಂದು ತಗೋಳ್ಳಿ" ಅಂತ ಅಣ್ಣಗ ಕೊಟ್ಲು. ನಮ್ಮ ಪಾಲು, ಅಕ್ಕನ ಪಾಲು ಪ್ರತಿ ವರ್ಷ ಕಟ್ಟೂದಿತ್ತು. ಆ ದಾರಿಗೆ ಗಂಟು ಹೋಗಿದ್ದು ಇದಽ ಮೊದ್ಲು.

ಮೇ 26ಕ್ಕ ನಾ ಹುಬ್ಬಳ್ಳಿಗೆ ಬಂದೆ, ಹುಡುಗ್ರ ಸಾಲಿ ಸುರು ಆಗೂದಿತ್ತು. ಅಕ್ಕ ಅಲ್ಲೇ ಉಳದ್ಲು. ಬಸ್ಸಿನ್ಯಾಗ ಇದ್ದಾಗಽ ವೈನಿ ಫೋನ್ ಬಂತು. ಅವರವ್ವ ಕನ್ನಡಕ ತಗದು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಾರೀಖು ಓದಿದ್ರಂತ. ಶ್ಯಾವಿಗಿ ಪಾಯಸಾ ಮಾಡಿ ಉಂಡ್ರಂತ. ಅಷ್ಟು ಹೇಳಿ ವೈನಿ, "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಈ ಶ್ಯಾವಿಗಿ ಹೊಸದವ್ರು ಯಾರು? ಇಷ್ಟು ದಪ್ಪ ಆಗ್ಯಾವು!" ಅಂದ್ಲು.

ಅಕ್ಕ ಅಂತ ಹೇಳಿದೆ. ಅಕ್ಕನ್ನ ಕೇಳಿದ್ರ ನನ್ನ ಹೆಸರು ಹೇಳ್ತಾಳ.